ಚಿಕ್ಕಮ್ಮ ಮುಗಿಸಿದ ಕೌದಿ

ನಮ್ಮ ಚಿಕ್ಕಪ್ಪನ ಕಾಲಿನ ಹೆಬ್ಬೆರಳು ಮುರಿದದ್ದು ಬಟ್ಟೆಯಿಂದ. ಹೀಗೆಂದರೆ ಯಾರೂ ನಂಬುವುದಿಲ್ಲ. ಮೂಳೆ ಡಾಕ್ಟರೂ ನಂಬಲಿಲ್ಲ.

"ಕಾಲ ಮೇಲೆ ಏನು ಬಿತ್ತು?"

"ಬಟ್ಟೆ."

"ಒದ್ದೆ ಬಟ್ಟೆನಾ?"

"ಇಲ್ಲ, ಒಣಗಿದ್ದು. ಹತ್ತೊಂಬತ್ತು ವರ್ಷದ್ದು."

ಡಾಕ್ಟರು ಕನ್ನಡಕದ ಮೇಲಿಂದ ಚಿಕ್ಕಪ್ಪನನ್ನು ನೋಡಿದರು, ಆಮೇಲೆ ಜೊತೆಗೆ ಹೋಗಿದ್ದ ನನ್ನನ್ನು ನೋಡಿದರು. ಆ ಕನ್ನಡಕ ಕೂರಿಸಿ ಕೊಟ್ಟವಳು ನಾನೇ. ಚಿಕ್ಕಮ್ಮನ ಮನೆಯಿಂದ ಎರಡು ಬೀದಿ ಆಚೆ ಇರುವ ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿದಾಗಿನಿಂದ ಅವರ ಮನೆಯಲ್ಲೇ ಇದ್ದೇನೆ. ಪರಿಚಯದ ಮೇಲೆ ಡಾಕ್ಟರು ನನ್ನ ಮಾತನ್ನಾದರೂ ನಂಬಿಯಾರೆಂದು ನಡೆದದ್ದನ್ನು ವಿವರಿಸಿದೆ.

ಚಿಕ್ಕಮ್ಮ ಮಲಗುವ ಕೋಣೆಯ ದೊಡ್ಡ ಬೀರುವಿನಲ್ಲಿ ಬಟ್ಟೆ ಕೂಡಿಡುತ್ತಾಳೆ. ಉಡುವ ಬಟ್ಟೆಯಲ್ಲ, ಹೊಲಿಯುವ ಬಟ್ಟೆ. ಎಲ್ಲಿ ಚೆಂದದ ತುಂಡು ಕಂಡರೂ ಅವಳ ಕೈ ನಿಲ್ಲುವುದಿಲ್ಲ. ತಂದದ್ದನ್ನು ಮಡಿಸಿ, ಮೂಸಿ, ಬೀರುವಿಗೆ ತುರುಕುತ್ತಾಳೆ. ಆವತ್ತು ಬೆಳಿಗ್ಗೆ ಚಿಕ್ಕಪ್ಪ ಕಾಲುಚೀಲ ಹುಡುಕಲು ಬಾಗಿಲು ತೆಗೆದದ್ದೇ ತಡ, ಮೇಲಿನ ಹಲಗೆ ಭಾರ ತಾಳದೆ ಕಿತ್ತುಬಂದು, ಬಟ್ಟೆಯ ಗಂಟುಗಳ ಸಮೇತ ಅವರ ಪಾದದ ಮೇಲೆ ಕೂತಿತು.

"ಅಂದ್ರೆ ಬಿದ್ದದ್ದು ಹಲಗೆ," ಎಂದರು ಡಾಕ್ಟರು, ಬರೆದುಕೊಳ್ಳುತ್ತ.

"ಹಲಗೆನ ಬೀಳಿಸಿದ್ದು ಬಟ್ಟೆ," ಎಂದರು ಚಿಕ್ಕಪ್ಪ ಪಟ್ಟು ಬಿಡದೆ.

ಚಿಕ್ಕಪ್ಪ ಲಿಫ್ಟ್ ಮೆಕ್ಯಾನಿಕ್. ಎಷ್ಟು ಭಾರಕ್ಕೆ ಯಾವುದು ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂಬುದೇ ಅವರ ಇಡೀ ಉದ್ಯೋಗ. ಮನೆಯ ಬೀರುವೇ ಕೈಕೊಟ್ಟಿತಲ್ಲ ಎಂಬ ಅವಮಾನ ಬೆರಳಿನ ನೋವಿಗಿಂತ ದೊಡ್ಡದಾಗಿತ್ತು. ಆರು ವಾರ ಕೆಲಸಕ್ಕೆ ಹೋಗಕೂಡದು, ಏಣಿ ಹತ್ತಕೂಡದು ಎಂದು ಡಾಕ್ಟರು ಹೇಳಿದ ಮೇಲಂತೂ ಮುಖ ಗಂಟು ಹಾಕಿಕೊಂಡೇ ಮನೆಗೆ ಬಂದರು.

ಅಷ್ಟಾದರೂ ಅವರು ಜಗಳಗಂಟರಲ್ಲ. ಸಂಜೆ ಕಾಫಿ ಕುಡಿಯುವಾಗ ಒಂದೇ ಒಂದು ಮಾತು ಅಂದರು. "ಹತ್ತೊಂಬತ್ತು ವರ್ಷದಿಂದ ಬಟ್ಟೆ ತರ್ತಿದೀಯ. ಒಂದಾದ್ರೂ ಮುಗಿಸಿದ್ದು ತೋರ್ಸು. ಒಂದು ಕರವಸ್ತ್ರ ತೋರ್ಸು ಸಾಕು."

ಚಿಕ್ಕಮ್ಮ ಉತ್ತರ ಕೊಡಲಿಲ್ಲ. ಇದು ದೊಡ್ಡ ಸಂಗತಿ, ಏಕೆಂದರೆ ಚಿಕ್ಕಮ್ಮನ ಉದ್ಯೋಗವೇ ಮಾತು. ರೈಲ್ವೆ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಹೇಳುವವಳು ಅವಳು. ಆ ದನಿ ಊರಿಗೆಲ್ಲ ಗೊತ್ತು. ಮನೆಯಲ್ಲೂ ಒಮ್ಮೊಮ್ಮೆ ಅದೇ ವರಸೆ: "ದಯವಿಟ್ಟು ಗಮನಿಸಿ, ಊಟ ಇನ್ನೈದು ನಿಮಿಷದಲ್ಲಿ ಅಡುಗೆಮನೆಯಿಂದ ಹೊರಡಲಿದೆ." ಅಂಥವಳು ತುಟಿ ಪಿಟಕ್ ಎನ್ನದೆ ಲೋಟ ತೊಳೆಯಲು ಎದ್ದು ಹೋದಳು. ಚಿಕ್ಕಪ್ಪನಿಗೆ ಕೂತಲ್ಲೇ ಕಸಿವಿಸಿಯಾಯಿತು.

ನಿಜ ಹೇಳಬೇಕೆಂದರೆ ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನನಗೆ ಎಂಟು ವರ್ಷವಾಗಿದ್ದಾಗ ಚಿಕ್ಕಮ್ಮ ಹೊಲಿಯಲು ಶುರುಮಾಡಿದ ಫ್ರಾಕಿಗೆ ಈಗಲೂ ಒಂದೇ ತೋಳು. ಪರದೆಗಳಿಗೆ ಅಂಚಿಲ್ಲ. ದಿಂಬಿನ ಚೀಲಗಳು ಮೂರು ಕಡೆ ಮುಚ್ಚಿ ಒಂದು ಕಡೆ ಬಾಯಿ ತೆರೆದುಕೊಂಡಿವೆ.

ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಹಜಾರದ ನಡುವೆ ನಿಂತು ಘೋಷಿಸಿದಳು. "ಎಲ್ಲರ ಗಮನಕ್ಕೆ. ನಾನು ಒಂದು ಕೌದಿ ಹೊಲೀತೀನಿ. ಡಬಲ್ ಮಂಚದ್ದು. ಈ ಮನೇಲಿ ಏನಿದೆಯೋ ಅದರಲ್ಲೇ. ಹೊರಗಿಂದ ಒಂದು ಗೇಣು ಬಟ್ಟೆ ತರಲ್ಲ, ಒಂದೆಳೆ ನೂಲು ತರಲ್ಲ."

"ಸೂಜಿ?" ಎಂದರು ಕಿಟಕಿಯ ಪಕ್ಕದ ಕುರ್ಚಿಯಿಂದ ಅಜ್ಜಿ. ಅವರು ಚಿಕ್ಕಪ್ಪನ ತಾಯಿ. ಎಪ್ಪತ್ತೆಂಟು ವರ್ಷ, ಕಿವಿ ಇಂದಿಗೂ ಚುರುಕು.

"ಸೂಜಿನೂ ತರಲ್ಲ ಅತ್ತೆ."

"ಹಾಗಾದ್ರೆ ನನಗೇ ಹೊಲಿ. ನಾನು ಹೋಗೋದ್ರೊಳಗೆ ಮುಗಿಸು."

ಚಿಕ್ಕಮ್ಮನ ಮುಖ ಸಪ್ಪಗಾಯಿತು. "ಏನು ಮಾತೂಂತ ಆಡ್ತೀರಿ! ನೀವೆಲ್ಲಿಗೆ ಹೋಗ್ತೀರಿ?"

"ಮಗಳ ಮನೆಗೆ. ಬರೋ ತಿಂಗಳು ಇಪ್ಪತ್ತಕ್ಕೆ. ಮರೆತುಬಿಟ್ಯಾ? ಅಲ್ಲಿ ಹಲ್ಲು ಕಡಿಯೋ ಚಳಿ."

ಅಜ್ಜಿಯ ಮಗಳು, ಅಂದರೆ ಚಿಕ್ಕಪ್ಪನ ಅಕ್ಕ, ಬೆಟ್ಟದ ಮೇಲಿನ ಊರಿನಲ್ಲಿ ಇರುವವರು. ಮೂವತ್ತು ವರ್ಷ ಶಾಲೆ ನಡೆಸಿ ನಿವೃತ್ತರಾಗಿದ್ದರೂ ಮನೆಮಂದಿಗೆಲ್ಲ ಅವರು ಇವತ್ತಿಗೂ ಹೆಡ್‌ಮಿಸ್ಸೇ. ಯಾರ ಮನೆಗೆ ಹೋದರೂ ಪಾತ್ರೆಯ ತಳ ತಿರುಗಿಸಿ ನೋಡುವ ಹೆಂಗಸು. ತಾಯಿಯನ್ನು ಕರೆದೊಯ್ಯಲು ಬಂದಾಗಲೇ ಕೌದಿ ಅವರ ಕಣ್ಣಿಗೆ ಬೀಳುತ್ತದೆ ಎಂದು ಹೊಳೆದಾಗ ಚಿಕ್ಕಮ್ಮ ಮಲಗುವ ಕೋಣೆಯ ಕಡೆ ತಿರುಗಿ ನೋಡಿದಳು. ಆದರೂ ಆಡಿದ ಮಾತು ಹಿಂತೆಗೆದುಕೊಳ್ಳಲಿಲ್ಲ.

ಭಾನುವಾರ ಬೀರು ಖಾಲಿ ಮಾಡಿದೆವು. ಹಜಾರದ ನೆಲ ಕಾಣದಾಯಿತು. ಹಳದಿ ಗೆರೆಯದ್ದು, ನೀಲಿ ಚುಕ್ಕಿಯದ್ದು, ಯಾರದೋ ಅಂಗಿಯ ಬೆನ್ನು, ಏಳು ಎಡ ತೋಳು. ಹಸಿರು ಗಿಳಿಗಳ ಒಂದು ಬಟ್ಟೆ ಮೂರು ಸಲ ಸಿಕ್ಕಿತು. ಮೊದಲು ತಂದದ್ದು ಮರೆತು ಮತ್ತೆ ತಂದು, ಅದನ್ನೂ ಮರೆತು ಮತ್ತೊಮ್ಮೆ ತಂದಿದ್ದಳು. "ನೋಡು, ನನ್ನ ರುಚಿ ಮಾತ್ರ ಬದಲಾಗಿಲ್ಲ," ಎಂದು ಹೆಮ್ಮೆಪಟ್ಟುಕೊಂಡಳು. ನೂಲಿನ ಉಂಡೆಗಳು ಇಪ್ಪತ್ತಾರು ಸಿಕ್ಕವು, ಯಾವುದೂ ಪೂರ್ತಿಯದಲ್ಲ. ಕೈಸೂಜಿ ಮೂರು. ಹೊಲಿಗೆ ಯಂತ್ರದ ಸೂಜಿ ಒಂದೇ, ಅದೂ ಯಂತ್ರದಲ್ಲೇ ಇದ್ದದ್ದು.

ಎಲ್ಲವನ್ನೂ ಮೊದಲು ಒಗೆದು ಬಿಡಬೇಕು, ಇಲ್ಲದಿದ್ದರೆ ಆಮೇಲೆ ಒಂದೊಂದು ಬಟ್ಟೆ ಒಂದೊಂದು ಥರ ಕುಗ್ಗುತ್ತದೆ ಎಂದಳು. ಅದು ಸರಿಯೇ. ಆದರೆ ಆತುರದಲ್ಲಿ ಎಲ್ಲವನ್ನೂ ಒಂದೇ ಸಲ ಯಂತ್ರಕ್ಕೆ ತುಂಬಿದಳು. ಒಳಗೊಂದು ಕೆಂಪು ತುಂಡಿತ್ತು. ಬಾಗಿಲು ತೆಗೆದಾಗ ಬಿಳಿಯದೆಲ್ಲ ಗುಲಾಬಿಯಾಗಿತ್ತು. ಗುಲಾಬಿ ಎಂದರೂ ಒಂದೇ ಸಮನಲ್ಲ, ಅಲ್ಲಲ್ಲಿ ಕೆನ್ನೆಗೆ ಹೊಡೆದ ಹಾಗೆ.

ಚಿಕ್ಕಮ್ಮ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಳು. ಬೇರೆ ದಿನವಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದಳು. ನಾನಂತೂ ಅದನ್ನೇ ನಿರೀಕ್ಷಿಸಿದ್ದೆ.

"ಬಿಳಿ ಬಟ್ಟೆ ಹೊಸದು ತರೋಣ್ವಾ?" ಎಂದೆ ಮೆಲ್ಲಗೆ.

"ಏಯ್! ಒಂದೆಳೆನೂ ಇಲ್ಲ ಅಂದಿದೀನಿ." ಬಟ್ಟೆಯನ್ನು ಅಜ್ಜಿಗೆ ತೋರಿಸಿದಳು. "ಅತ್ತೆ, ಗುಲಾಬಿ ಆಗುತ್ತಾ?"

"ನನ್ನ ಮದುವೇಲೂ ಯಾರೂ ನನಗೆ ಗುಲಾಬಿ ಕೊಡಿಸಲಿಲ್ಲ," ಎಂದರು ಅಜ್ಜಿ. "ಈಗಲಾದ್ರೂ ಆಗ್ಲಿ."

ಕತ್ತರಿಸುವ ಕೆಲಸ ಶುರುವಾದಾಗ ಚಿಕ್ಕಪ್ಪ ತಲೆ ಹಾಕಿದರು. ಅಷ್ಟು ದಿನ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು, ಕಂಡೂ ಕಾಣದಂತೆ ಪತ್ರಿಕೆ ಓದುತ್ತಿದ್ದರು. ಚಿಕ್ಕಮ್ಮನ ಅಳತೆ ಗೇಣಿನದು. ಬೆರಳು ಚಾಚಿ ಇಡುತ್ತಾಳೆ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾಳೆ, ಕತ್ತರಿಸುತ್ತಾಳೆ. ಹನ್ನೆರಡು ಚೌಕ ಕತ್ತರಿಸಿ ಒಂದರ ಮೇಲೊಂದು ಇಟ್ಟಾಗ ಒಂದೂ ಇನ್ನೊಂದರ ಮಾತು ಕೇಳುತ್ತಿರಲಿಲ್ಲ.

"ಬೆಳಿಗ್ಗೆ ನಿನ್ನ ಗೇಣು ಒಂದಿರುತ್ತೆ, ಸಂಜೆ ಒಂದಿರುತ್ತೆ," ಎಂದರು ಪತ್ರಿಕೆಯ ಹಿಂದಿನಿಂದ.

"ನಿಮಗೆ ಗೊತ್ತಿರೋದು ಕಬ್ಬಿಣ. ಬಟ್ಟೆ ಬಗ್ಗೆ ಸುಮ್ನಿರಿ."

ಅವರು ಸುಮ್ಮನಿರಲಿಲ್ಲ. ಮಧ್ಯಾಹ್ನ ಚಿಕ್ಕಮ್ಮ ಕೆಲಸಕ್ಕೆ ಹೋದ ಮೇಲೆ ಲಿಫ್ಟಿನ ವೈರಿಂಗ್ ಬರೆಯುವ ಗ್ರಾಫ್ ಹಾಳೆ ತರಿಸಿಕೊಂಡರು. ಎಂಟು ಚೌಕ ಅಗಲ, ಹತ್ತು ಚೌಕ ಉದ್ದ, ಒಂದೊಂದೂ ಇನ್ನೂರೈವತ್ತು ಮಿಲಿಮೀಟರ್, ಹೊಲಿಗೆಗೆ ಸುತ್ತಲೂ ಏಳು ಮಿಲಿಮೀಟರ್ ಬಿಡಬೇಕು. ಹಳೆಯ ಕ್ಯಾಲೆಂಡರಿನ ಗಟ್ಟಿ ರಟ್ಟಿನಲ್ಲಿ ಒಂದು ಅಚ್ಚನ್ನೂ ಕತ್ತರಿಸಿಟ್ಟರು. ಸಂಜೆ ಚಿಕ್ಕಮ್ಮ ಆ ರಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬಟ್ಟೆಯ ಮೇಲಿಟ್ಟು ಗೆರೆ ಎಳೆದಳು. ಆಮೇಲೆ ಕತ್ತರಿಸಿದ ಚೌಕಗಳು ಇಸ್ಪೀಟಿನ ಎಲೆಗಳಂತೆ ಕೂತವು. ಅದಕ್ಕೆ ಅವಳು ಕೊಟ್ಟ ಪ್ರಶಸ್ತಿ ಒಂದೇ: "ರಟ್ಟು ಪರವಾಗಿಲ್ಲ."

ಐವತ್ತೊಂದನೆಯ ಚೌಕ ಕೂಡಿಸುವಾಗ ಟಕ್ ಎಂದಿತು. ಯಂತ್ರದ ಸೂಜಿ ಎರಡು ತುಂಡಾಯಿತು.

ನಾವು ನಾಲ್ವರೂ ಆ ತುಂಡುಗಳನ್ನು ಸುತ್ತುವರಿದು ನೋಡಿದೆವು. ಬೀದಿ ತಿರುವಿನ ಅಂಗಡಿಯಲ್ಲಿ ಆ ಸೂಜಿ ಕೇಳಿದ ತಕ್ಷಣ ಸಿಗುತ್ತದೆ. ಕಾಲಿಗೆ ಚಪ್ಪಲಿ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ.

"ನಾನು ಹಿಂಗ್ ಹೋಗಿ ಹಂಗ್ ಬರ್ತೀನಿ, ಯಾರಿಗೂ ಹೇಳಲ್ಲ," ಎಂದೆ.

"ನನಗೆ ಗೊತ್ತಾಗುತ್ತಲ್ಲ," ಎಂದಳು ಚಿಕ್ಕಮ್ಮ. "ಕೈಯಲ್ಲಿ ಹೊಲೀತೀನಿ."

ಕೈಹೊಲಿಗೆಗೆ ಕೂತಾಗ ಹೊತ್ತು ಹೇಗೆ ಸರಿಯುತ್ತದೆಂಬುದು ತಿಳಿಯಿತು. ಕೆಲಸ ಮುಗಿಸಿ ಬಂದು, ಊಟದವರೆಗೆ ಹೊಲಿದರೂ ದಿನಕ್ಕೆ ಮೂರು ಚೌಕ ದಾಟುತ್ತಿರಲಿಲ್ಲ. ಮೇಲ್ಪದರ ಕೂಡಿಸುವುದೇ ಹೀಗಾದರೆ, ಮೂರು ಪದರ ಸೇರಿಸಿ ಉದ್ದಕ್ಕೂ ಹೊಲಿಗೆ ಹಾಕುವುದು ಯಾವಾಗ? ಚಿಕ್ಕಪ್ಪ ಗ್ರಾಫ್ ಹಾಳೆಯ ಹಿಂದೆ ದಿನಗಳನ್ನು ಎಣಿಸಿದರು. ಗಂಟಲು ಸರಿಮಾಡಿಕೊಂಡರು.

"ಒಂದು ಸೂಜಿ ಇಲ್ಲಿ ಕೊಡು."

"ನಿಮಗೆ ಹೊಲಿಯೋಕೆ ಬರುತ್ತಾ?"

"ಹನ್ನೆರಡು ಅಂತಸ್ತಿನ ಮೇಲೆ ನಿಂತು ಕೂದಲಿನಷ್ಟು ಸಣ್ಣ ವೈರ್ ಸೇರಿಸ್ತೀನಿ. ಇದು ಬರಲ್ವಾ?"

ಮೊದಲ ದಿನ ಅವರು ಬಟ್ಟೆಗಿಂತ ಹೆಚ್ಚಾಗಿ ತಮ್ಮ ಬೆರಳನ್ನೇ ಹೊಲಿದುಕೊಂಡರು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ದಿನ ಚಿಕ್ಕಪ್ಪ ತಮ್ಮ ಉಪಕರಣದ ಚೀಲದಿಂದ ಹಿತ್ತಾಳೆಯ ಪುಟ್ಟ ಟೋಪಿಯೊಂದನ್ನು ತೆಗೆದು, ಅಂಚು ಉಜ್ಜಿ, ನಡುಬೆರಳಿಗೆ ಹಾಕಿಕೊಂಡು ಕೂತರು. ನಾಲ್ಕನೆಯ ದಿನ ಅವರ ಹೊಲಿಗೆ ಇರುವೆ ಸಾಲಿನಂತೆ ಹೊರಟಿತು. ಹಳೆಯ ನೂಲು ಪಟಪಟ ತುಂಡಾಗುತ್ತಿತ್ತು. ಮೇಣದಬತ್ತಿಯ ತುಣುಕಿನ ಮೇಲೆ ಎಳೆದರೆ ಗಟ್ಟಿಯಾಗುತ್ತದೆಂದು ಕಂಡುಹಿಡಿದವರೂ ಅವರೇ. ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದು. ಬಿಳಿ ಮುಗಿದರೆ ನೀಲಿ, ನೀಲಿ ಮುಗಿದರೆ ಕಂದು. ಹೀಗೆ ಒಂದೇ ಸಾಲು ಮೂರು ಬಣ್ಣ ಬದಲಾಯಿಸುತ್ತಿತ್ತು.

ಕೆಳಗಿನ ಪದರಕ್ಕೆ ಅಂಚಿಲ್ಲದ ಪರದೆಗಳಾದವು. ನಡುವೆ ತುಂಬುವುದಕ್ಕೆ ಏನು? ಮನೆಯಲ್ಲಿದ್ದ ಹಳೆಯ ಕಂಬಳಿಯನ್ನು ಹುಳು ಜರಡಿ ಮಾಡಿತ್ತು. ಚಿಕ್ಕಮ್ಮ ಕಪಾಟುಗಳಲ್ಲೆಲ್ಲ ತಡಕಾಡಿ ಕೊನೆಗೆ ಸೊಂಟಕ್ಕೆ ಕೈಕೊಟ್ಟು ನಿಂತಳು. ಆಗ ಚಿಕ್ಕಪ್ಪ ಕುಂಟುತ್ತ ಹೊರಗೆ ಹೋಗಿ, ಸ್ಕೂಟರಿಗೆ ಹೊದಿಸಿದ್ದ ಎರಡು ದಪ್ಪ ಹಾಸುಗಳನ್ನು ಎಳೆದು ತಂದರು. ಮನೆ ಬದಲಾಯಿಸುವವರು ಸಾಮಾನು ಸಾಗಿಸುವಾಗ ಗೀಚು ಬೀಳದಿರಲೆಂದು ಲಿಫ್ಟಿನ ಒಳಗೋಡೆಗೆ ನೇತುಹಾಕುವ ಹಾಸುಗಳು ಅವು. ಹಳೆಯ ಕಟ್ಟಡದ ಲಿಫ್ಟ್ ಕಳಚಿದಾಗ ಎಸೆಯಲಿದ್ದುದನ್ನು ಕೇಳಿ ತಂದಿದ್ದರಂತೆ.

"ಇದರೊಳಗೆ ಒಳ್ಳೇ ಹತ್ತಿ ಇದೆ," ಎಂದರು.

ಚಿಕ್ಕಮ್ಮ ಮೂಸಿ ಮುಖ ಕಿವುಚಿದಳು. "ಗ್ರೀಸು!"

"ಗ್ರೀಸು ಹೊರಗೆ ಮಾತ್ರ."

ಹೊಲಿಗೆ ಬಿಚ್ಚಿ ನೋಡಿದರೆ ನಿಜವಾಗಿಯೂ ಒಳಗೆ ದಪ್ಪನೆಯ, ಹಾಲಿನ ಕೆನೆಯಂಥ ಹತ್ತಿಯ ಪದರ. ಹಗಲು ಪೂರ್ತಿ ಬಿಸಿಲಿಗೆ ಹರಡಿ, ಕೋಲಿನಲ್ಲಿ ಬಡಿದೆವು. ಚಿಕ್ಕಮ್ಮ ಮತ್ತೆ ಮೂಸಿದಳು, ಈ ಸಲ ಕಣ್ಣು ಮುಚ್ಚಿಕೊಂಡು. "ಸ್ಕೂಟರ್ ಇಷ್ಟು ವರ್ಷ ನಮಗಿಂತ ಸುಖವಾಗಿ ಮಲಗಿತ್ತು," ಎಂದಳು.

ಐದನೆಯ ವಾರದ ಹೊತ್ತಿಗೆ ಮೂರು ಪದರವೂ ಸೇರಿ, ಸಾಲು ಸಾಲಾಗಿ ಹೊಲಿಗೆ ಬೀಳುತ್ತಿತ್ತು; ಚಿಕ್ಕಪ್ಪನಿಗೆ ಹೊಲಿಗೆಯ ಹುಚ್ಚು ತಲೆಗೇರಿತ್ತು. ಬೆಳಿಗ್ಗೆ ಮುಖ ತೊಳೆದವರೇ ಕೌದಿಯ ಮುಂದೆ ಕೂರುತ್ತಿದ್ದರು. ಗೆಳೆಯರು ಫೋನ್ ಮಾಡಿ ಕಾಲು ಹೇಗಿದೆ ಎಂದು ಕೇಳಿದರೆ, "ಆರನೇ ಸಾಲಿನಲ್ಲಿದೀನಿ," ಎಂದುಬಿಡುತ್ತಿದ್ದರು. ಆರನೆಯ ವಾರದ ಸೋಮವಾರ ಒಬ್ಬರೇ ಡಾಕ್ಟರ ಬಳಿ ಹೋಗಿ ಬಂದರು. ಏನಂದರು ಎಂದರೆ, "ಹಾಗೇ ಇದೆ, ನೋಡ್ಕೊಂಡು ನಡೀಬೇಕಂತೆ," ಎಂದು ಕುಂಟುತ್ತ ಹೋಗಿ ಸೂಜಿ ಹಿಡಿದರು. ಅಂಗಡಿಗೆ ಹೋಗುವುದು, ನೀರಿನ ಕ್ಯಾನ್ ಎತ್ತುವುದು ಎಲ್ಲ ನನ್ನ ಪಾಲಿಗೇ ಉಳಿಯಿತು.

ಮೂರು ದಿನ ಕಳೆದಿರಬೇಕು. ಅವರು ಅಡುಗೆಮನೆಯಿಂದ ಕಾಫಿ ಹಿಡಿದು ಬರುತ್ತಿದ್ದರು. ಅಜ್ಜಿ ಕುರ್ಚಿಯಿಂದಲೇ ಕೇಳಿದರು: "ಯಾವ ಕಾಲಪ್ಪಾ ಮುರಿದಿದ್ದು?"

"ಬಲಗಾಲು ಅಮ್ಮ."

"ಮತ್ತೆ ಎಡಗಾಲು ಯಾಕೆ ಕುಂಟ್ತಿದೀಯ?"

ಚಿಕ್ಕಪ್ಪ ನಿಂತಲ್ಲೇ ನಿಂತರು. ಒಂದು ಕಾಲು ನೋಡಿಕೊಂಡರು, ಇನ್ನೊಂದು ಕಾಲು ನೋಡಿಕೊಂಡರು. ಚಿಕ್ಕಮ್ಮ ಸೂಜಿ ಕೆಳಗಿಟ್ಟಳು.

"ಡಾಕ್ಟರು ನಿಜವಾಗಿ ಏನಂದ್ರು?"

"ಬೆರಳು ಕೂಡಿದೆ ಅಂದ್ರು. ಸೋಮವಾರದಿಂದಲೇ ಓಡಾಡಬಹುದು ಅಂದ್ರು." ಅವರ ದನಿ ಇಳಿಯಿತು. "ಹೇಳಿದ್ರೆ ನೀವು ನನ್ನನ್ನ ಅಂಗಡಿಗೆ ಅಟ್ತಿದ್ರಿ. ಇನ್ನೂ ನಾಲ್ಕು ಸಾಲು ಇತ್ತು. ರಜೆ ಹೇಗೂ ಶನಿವಾರದ ತನಕ ಇದೆಯಲ್ಲ ಅಂತ..."

ನಾನು ಮತ್ತು ಅಜ್ಜಿ ನಕ್ಕು ನಕ್ಕು ಸುಸ್ತಾದೆವು. ಚಿಕ್ಕಮ್ಮನೂ ನಕ್ಕಳು. ನಗುತ್ತಲೇ ಕೌದಿಯ ಕಡೆ ತಿರುಗಿ ಸಾಲುಗಳನ್ನು ಎಣಿಸಿದಳು. ಒಂದು, ಎರಡು, ಮೂರು. ನಗು ಅಲ್ಲಿಗೇ ನಿಂತಿತು. ಹತ್ತು ಸಾಲಿನಲ್ಲಿ ಮೂರೂವರೆ ಅವಳದು. ಆರು ಅವರದು, ಅವಳು ನಿಲ್ದಾಣದಲ್ಲಿದ್ದಾಗ ಹೊಲಿದದ್ದು. ಇನ್ನು ಉಳಿದಿದ್ದದ್ದು ಅರ್ಧ ಸಾಲು ಮತ್ತು ನಾಲ್ಕು ಬದಿಯ ಅಂಚುಪಟ್ಟಿ.

"ನೀವೇ ಮುಗಿಸಿಬಿಡಿ," ಎಂದಳು. ಕೋಪವೇನೂ ಇರಲಿಲ್ಲ ಆ ಮಾತಿನಲ್ಲಿ, ಅದಕ್ಕೇ ಕೇಳಲು ಕಷ್ಟವಾಯಿತು. ಎದ್ದು ಬಾಲ್ಕನಿಗೆ ಹೋದಳು.

ನಾನು ಹಿಂದೆಯೇ ಹೋದೆ. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ತುಂಬುತ್ತಿದ್ದರು. ಅವಳು ಕಂಬಿ ಹಿಡಿದು ಅದನ್ನೇ ನೋಡುತ್ತಿದ್ದಳು.

"ಅವರು ಸಹಾಯ ಮಾಡಿದ್ದು ತಪ್ಪಾ ಚಿಕ್ಕಮ್ಮ?"

"ತಪ್ಪಲ್ಲ ಮರಿ. ಎಷ್ಟು ಚೆನ್ನಾಗಿ ಹೊಲಿದಿದಾರೆ ನೋಡು, ನನಗಿಂತ ಚೆನ್ನಾಗಿ. ಆದ್ರೆ ನಾಳೆ ಅತ್ತಿಗೆ ಬಂದು ಯಾರು ಮುಗಿಸಿದ್ದು ಅಂದ್ರೆ ಏನು ಹೇಳ್ಲಿ?" ಕಂಬಿಯ ಮೇಲಿನ ಧೂಳು ಬೆರಳಲ್ಲಿ ಒರೆಸುತ್ತ ಅಂದಳು, "ನಾನ್ಯಾಕೆ ಏನೂ ಮುಗಿಸಲ್ಲ ಗೊತ್ತಾ? ಮುಗಿಸಿದ್ರೆ ಅದು ಇಷ್ಟೇ ಅಂತ ಗೊತ್ತಾಗಿಬಿಡುತ್ತೆ. ಸೊಟ್ಟ ಇದ್ರೆ ಸೊಟ್ಟ, ಶಾಶ್ವತವಾಗಿ. ಮುಗೀದೆ ಇದ್ರೆ ಇನ್ನೂ ಚೆಂದ ಆಗಬಹುದು ಅನ್ನೋ ಆಸೆ ಇರುತ್ತೆ. ಮೈಕ್ ಮುಂದೆ ಹಾಗಿಲ್ಲ. ಬರೆದು ಕೊಟ್ಟಿರ್ತಾರೆ, ಓದ್ತೀನಿ, ಗಾಡಿ ಹೋಗುತ್ತೆ."

ಒಳಗಿಂದ ಅಜ್ಜಿಯ ದನಿ ಬಂತು. ಕಿವಿ ಚುರುಕು ಅಂದೆನಲ್ಲ.

"ಕೇಳಿಸ್ಕೊ ಇಲ್ಲಿ. ಚೆಂದ ಯಾರು ಕೇಳಿದ್ರು ನಿನ್ನ? ನನಗೆ ಚಳಿ ಆಗುತ್ತೆ ಅಂದೆ ಅಷ್ಟೇ. ಅಂಚು ಹಾಕದೆ ಕೊಟ್ರೆ ಹತ್ತಿ ಎಲ್ಲಾ ಹೊರಗೆ ಬಂದು ನನ್ನ ಮೂಗಿಗೆ ಹೋಗುತ್ತೆ. ಮೂಗಿಗೆ ಹತ್ತಿ ಇಡೋ ಕಾಲ ನನಗಿನ್ನೂ ಬಂದಿಲ್ಲ."

ಚಿಕ್ಕಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಗೊತ್ತಾಗಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಒಳಗೆ ಬಂದು ನೋಡಿದರೆ ಚಿಕ್ಕಪ್ಪ ಅಲ್ಲಿರಲಿಲ್ಲ. ಕೌದಿಯನ್ನು ನೀಟಾಗಿ ಮಡಿಸಿ, ಅದರ ಮೇಲೆ ತಮ್ಮ ಸೂಜಿಯನ್ನೂ ಹಿತ್ತಾಳೆಯ ಟೋಪಿಯನ್ನೂ ಇಟ್ಟು, ಯಾರೂ ಹೇಳದೆಯೇ ಚೀಲ ಹಿಡಿದು ತರಕಾರಿ ತರಲು ಹೋಗಿದ್ದರು. ಒಂಚೂರೂ ಕುಂಟದೆ.

ಮರುದಿನದಿಂದ ಅವರು ಕೌದಿಯ ತಂಟೆಗೆ ಹೋಗಲಿಲ್ಲ. ನೋಡುವ ಆಸೆ ತಡೆಯಲಾಗದಾಗ ದೂರದಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಚಿಕ್ಕಮ್ಮ ಉಳಿದ ಅರ್ಧ ಸಾಲು ಹೊಲಿದಳು. ಗುಲಾಬಿ ತುಂಡುಗಳನ್ನು ನಾಲ್ಕು ಬೆರಳಗಲ ಕತ್ತರಿಸಿ, ಒಂದಕ್ಕೊಂದು ಕೂಡಿಸಿ, ಉದ್ದನೆಯ ಪಟ್ಟಿ ಮಾಡಿದಳು. ಒಂದು ಬದಿ ಮುಗಿಸಿದ್ದನ್ನು ಸೊಟ್ಟವಾಯಿತೆಂದು ಬಿಚ್ಚಿ ಮತ್ತೆ ಹೊಲಿದಳು. ಹತ್ತೊಂಬತ್ತನೆಯ ತಾರೀಖಿಗೆ ಮೂರು ಬದಿ ಆಗಿತ್ತು.

ಇಪ್ಪತ್ತರ ಬೆಳಿಗ್ಗೆ ಹೆಡ್‌ಮಿಸ್ ಬಂದಿಳಿದರು. ಚಪ್ಪಲಿ ಬಿಡುವ ಮೊದಲೇ ಬಾಗಿಲ ಚಿಲಕ ಅಲ್ಲಾಡಿಸಿ ನೋಡಿ, "ಇದಕ್ಕೆ ಎಣ್ಣೆ ಬೇಕು," ಎಂದು ತಮ್ಮನಿಗೆ ಹೇಳಿದರು. ಆಮೇಲೆ ಸೋಫಾದ ಮೇಲೆ ಹರಡಿದ್ದ ಕೌದಿ ಕಂಡಿತು. ಕೈಚೀಲದಿಂದ ಕನ್ನಡಕ ತೆಗೆದರು. ಮೂಲೆಯಿಂದ ಮೂಲೆಗೆ, ಉತ್ತರಪತ್ರಿಕೆ ನೋಡುವ ಹಾಗೆ, ಸಾಲು ಸಾಲಾಗಿ ನೋಡಿದರು. ನಾವೆಲ್ಲ ಅವರ ಕನ್ನಡಕದ ಹಿಂದೆಯೇ ಕಣ್ಣು ಓಡಿಸಿದೆವು. ಚಿಕ್ಕಪ್ಪ ಕೂಡ.

"ಇಲ್ಲೊಂದು ಗಿಳಿ ತಲೆಕೆಳಗಾಗಿದೆ," ಎಂದರು.

ಚಿಕ್ಕಮ್ಮನ ಕಿವಿ ಕೆಂಪಾಯಿತು. ಅಜ್ಜಿ ಸೂಟ್‌ಕೇಸಿನ ಮೇಲೆ ಕೂತಲ್ಲಿಂದಲೇ ಅಂದರು, "ನೀನು ಕಾಲ ಕಡೆ ನಿಂತಿದೀಯ. ಮಲಗಿದವರಿಗೆ ಅದೊಂದೇ ನೆಟ್ಟಗೆ ಕಾಣೋದು."

ಹೆಡ್‌ಮಿಸ್ ಕತ್ತು ವಾಲಿಸಿ ಗಿಳಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಹೊಲಿಯದೆ ಉಳಿದಿದ್ದ ಅಂಚನ್ನು ಬೆರಳಲ್ಲಿ ಎತ್ತಿದರು. "ಇದು ಬಾಕಿ ಇದೆ. ಗಾಡಿಗೆ ಹೊತ್ತಾಗುತ್ತೆ, ಕೊಡಿಲ್ಲಿ, ನಾನೇ ನಾಲ್ಕು ಹೊಲಿಗೆ ಹಾಕಿ ಮುಗಿಸಿಬಿಡ್ತೀನಿ."

"ಬೇಡ ಅತ್ತಿಗೆ," ಎಂದಳು ಚಿಕ್ಕಮ್ಮ. "ಇದನ್ನ ನಾನೇ ಮುಗಿಸ್ಬೇಕು. ನೀವು ಕೂತ್ಕೊಳ್ಳಿ, ಕಾಫಿ ಕುಡೀರಿ."

ಹೆಡ್‌ಮಿಸ್‌ಗೆ ಯಾರೂ 'ಬೇಡ' ಎಂದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಅವರಿಗೂ ಅದು ಹೊಸದಿರಬೇಕು. ಕೂತರು.

ಚಿಕ್ಕಮ್ಮ ಕಿಟಕಿಯ ಬೆಳಕಿಗೆ ಕೌದಿ ಎಳೆದುಕೊಂಡಳು. ಉಳಿದಿದ್ದ ನೂಲು ಹಸಿರು ಬಣ್ಣದ್ದು, ಮೊಳ ಮೊಳದ ಮೂರು ತುಂಡು. ನಾನು ಪೋಣಿಸಿ ಕೊಟ್ಟೆ. ಹಿತ್ತಾಳೆಯ ಟೋಪಿ ಅವಳ ಬೆರಳಿಗೆ ದೊಡ್ಡದು. ಒಳಗೆ ಚೂರು ಬಟ್ಟೆ ತುರುಕಿ ಹಾಕಿಕೊಂಡಳು. ಒಂದು ತುಂಡು ನೂಲು ಮುಗಿಯಿತು. ಇನ್ನೊಂದು ಮುಗಿಯಿತು. ಮೂರನೆಯದು ಕೊನೆಯ ಮೂಲೆ ಮುಟ್ಟುವ ಹೊತ್ತಿಗೆ ಸೂಜಿ ತಿರುಗಿಸಲೂ ಆಗದಷ್ಟು ಗಿಡ್ಡವಾಗಿತ್ತು. ಹಲ್ಲಿನಲ್ಲಿ ತುದಿ ಹಿಡಿದು, ಹೇಗೋ ಗಂಟು ಹಾಕಿ, ಕತ್ತರಿಸಿದಳು.

"ಮುಗೀತು," ಎಂದಳು. ಇಡೀ ಊರಿಗೆ ಕೇಳಿಸುವ ಆ ದನಿ ನಮಗೇ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಕೌದಿಯ ಮೇಲೆಯೇ ಇಟ್ಟುಕೊಂಡು ಕೂತಳು. ಚಿಕ್ಕಪ್ಪ ಬಂದು ಅವಳ ಪಕ್ಕದಲ್ಲಿ ನಿಂತರು. ಮೂಗು ಒರೆಸಿಕೊಂಡು, ಆಟೋ ಕರೆಯಲು ಹೋದರು.

ಮಧ್ಯಾಹ್ನ ಚಿಕ್ಕಮ್ಮನಿಗೆ ಕೆಲಸವಿತ್ತು; ನಮಗಿಂತ ಮುಂಚೆಯೇ ನಿಲ್ದಾಣಕ್ಕೆ ಹೋಗಿದ್ದಳು. ಅಜ್ಜಿ ಕೌದಿಯನ್ನು ಸೂಟ್‌ಕೇಸಿಗೆ ಹಾಕಲು ಒಪ್ಪಲಿಲ್ಲ. ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು, ಆ ಬಿಸಿಲಲ್ಲೂ ಮಡಿಲ ಮೇಲೆ ಹರಡಿಕೊಂಡರು. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಅಂಚು ಮುಟ್ಟಿ ನೋಡಿದಳು.

"ಎಷ್ಟು ಚೆನ್ನಾಗಿದೆ! ಎಲ್ಲಿ ತಗೊಂಡ್ರಿ?"

"ತಗೊಂಡಿದ್ದಲ್ಲ. ನನ್ನ ಸೊಸೆ ಹೊಲಿದಿದ್ದು."

ಅಷ್ಟರಲ್ಲಿ ಮೇಲಿನ ಧ್ವನಿವರ್ಧಕ ಕರಕರ ಎಂದಿತು. ನಾಲ್ಕನೆಯ ಪ್ಲಾಟ್‌ಫಾರಂಗೆ ಗಾಡಿ ಬರುತ್ತಿದೆ, ಪ್ರಯಾಣಿಕರು ಹಳಿಯಿಂದ ದೂರ ನಿಲ್ಲಬೇಕು ಎಂದಿತು. ಅಜ್ಜಿ ಬೆರಳು ಮೇಲಕ್ಕೆ ತೋರಿಸಿದರು.

"ಈಗ ಮಾತಾಡ್ತಿದಾಳಲ್ಲ, ಅವಳೇ."

ಆ ಹೆಂಗಸು ಧ್ವನಿವರ್ಧಕವನ್ನೂ ಕೌದಿಯನ್ನೂ ಅಜ್ಜಿಯನ್ನೂ ಮೂರು ಸಲ ನೋಡಿ, ವಯಸ್ಸಾದವರು ಪಾಪ ಎಂಬಂತೆ ತಲೆಯಾಡಿಸಿದಳು. ಹೆಡ್‌ಮಿಸ್ ಮಾತ್ರ ಗಂಭೀರವಾಗಿ ಅಂದರು, "ನಿಜ. ನಮ್ಮ ತಮ್ಮನ ಹೆಂಡತಿ."

ಎರಡು ವಾರದ ನಂತರ ಬೆಟ್ಟದ ಊರಿನಿಂದ ಫೋನ್ ಬಂತು; ಚಿಕ್ಕಮ್ಮ ಹಿಡಿದಿದ್ದ ಫೋನಿಗೆ ನಾನೂ ಕಿವಿ ಕೊಟ್ಟೆ. ಮೊದಲು ಅಜ್ಜಿ ಮಾತಾಡಿದರು. ಹೆಡ್‌ಮಿಸ್ ಮೊದಲೆರಡು ದಿನ ಕೌದಿಯ ಒಂದು ಮೂಲೆಯನ್ನು ಕಾಲ ಮೇಲೆ ಎಳೆದುಕೊಂಡರಂತೆ, ಮೂರನೆಯ ದಿನ ಅರ್ಧ, ಈಗ ತಾಯಿ ಮಗಳಿಬ್ಬರೂ ಒಂದೇ ಕೌದಿಯಲ್ಲಿ. "ಗೊರಕೆ ಬೇರೆ ಹೊಡೀತಾಳೆ," ಎಂದು ದೂರಿದರು. ಆಮೇಲೆ ಹೆಡ್‌ಮಿಸ್ ಫೋನ್ ಕಿತ್ತುಕೊಂಡರು.

"ನೋಡು, ನನ್ನ ಹತ್ರ ಎರಡು ಟ್ರಂಕ್ ಬಟ್ಟೆ ಇದೆ," ಎಂದರು. ಯಾರಾದರೂ ಕೇಳಿಸಿಕೊಂಡಾರು ಎನ್ನುವಂತೆ ದನಿ ತಗ್ಗಿತ್ತು. "ಯಾರಿಗೂ ಹೇಳಿಲ್ಲ. ಎಲ್ಲಾ ಅರ್ಧಂಬರ್ಧ. ನಾನೂ ಒಂದು ಶುರು ಮಾಡೋಣ ಅಂತಿದೀನಿ. ಮೊದಲು ಏನು ಮಾಡ್ಬೇಕು ಹೇಳು."

ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಕೂತಳು. "ಮೊದಲು ಎಲ್ಲಾ ನೆಲದ ಮೇಲೆ ಹರಡಿ ಅತ್ತಿಗೆ. ಆಮೇಲೆ ಒಗೀಬೇಕು. ಕೆಂಪು ಬೇರೆ, ಬಿಳಿ ಬೇರೆ." ಆ ಕಡೆ ಪೆನ್ಸಿಲ್ ಹುಡುಕುವ ಸದ್ದು ಕೇಳಿಸಿತು. ಹೆಡ್‌ಮಿಸ್ ಬರೆದುಕೊಳ್ಳುತ್ತಿದ್ದರು.

ಮಾತು ಒಂದು ಗಂಟೆ ನಡೆಯಿತು. ಚಿಕ್ಕಪ್ಪ ಅಷ್ಟು ಹೊತ್ತೂ ಫೋನಿಗಾಗಿ ಕೈಚಾಚಿ ನಿಂತಿದ್ದರು. ಸಿಗುವ ಲಕ್ಷಣ ಕಾಣದೆ, ಕೊನೆಗೆ ಚೀಟಿಯೊಂದರ ಮೇಲೆ 'ಸುತ್ತಲೂ ಏಳು ಮಿಲಿಮೀಟರ್' ಎಂದು ದಪ್ಪಗೆ ಬರೆದು ಅವಳ ಕಣ್ಣ ಮುಂದೆ ಹಿಡಿದರು. ಚಿಕ್ಕಮ್ಮ ಓದಿದಳು, ತಲೆಯಾಡಿಸಿದಳು, ಚೀಟಿ ಇಸಿದುಕೊಂಡು ಜೇಬಿಗೆ ಹಾಕಿಕೊಂಡಳು.

"ಒಂದು ಗೇಣು ಇಟ್ಕೊಳ್ಳಿ ಅತ್ತಿಗೆ," ಎಂದಳು ಫೋನಿಗೆ. "ಸ್ವಲ್ಪ ಹೆಚ್ಚು ಕಡಿಮೆ ಆದ್ರೂ ನಡೆಯುತ್ತೆ."